‘ನಂತರ ಸಾಂಸ್ಕೃತಿಕ ಕಾರ್ಯಕ್ರಮ’ ಅನ್ನೋ ಕಡೀ ಸಾಲು

22 ನಿಮಿಷ ರೀ. ಮೊಬೈಲ್ ನೋಡ್ಕೋತ ಕುಂತಿದ್ದೆ, ಅದಕ್ಕ ಇಷ್ಟ ಖಾತ್ರಿಲೆ ಹೇಳಾಕತ್ತೇನಿ.

ನಿನ್ನೆ ಸಂಜಿಕೆ ನವನಗರದಾಗ ನಮ್ಮ ಕಡೀ ಬಯಲಾಟ ಶ್ರೀಕೃಷ್ಣ ಪಾರಿಜಾತ ಐತಿ ಅಂತ, ಪ್ರೆಸ್ಸಿನ ಬಾಗಲಾ ಅರ್ಧಾ ಎಳದು ಹುಡುಗನ್ನ ಕುಂದ್ರಿಸಿ ಹೋದೆ. ಕಾರ್ಡಿನ್ಯಾಗ ಐದೂವರಿ ಅಂತಿತ್ತು, ಸುರು ಆಗಿದ್ದು ಆರೂ ಮುಕ್ಕಾಲಿಗೆ. ಅಲ್ಲಿಂದ ಎರಡ ತಾಸು ಐವತ್ತ ನಿಮಿಷ ಬರೇ ಭಾಷಣ. ವಿಷಯ ಏನಂದ್ರ, ನಶಿಸಿ ಹೋಗಾಕತ್ತಿರೋ ನಮ್ಮ ಕಲೆ ಉಳಿಸೋದು ಹ್ಯಾಂಗ ಅಂತ! ಆಮ್ಯಾಲ ಆ ಕಲೆಗೆ ಉಳದದ್ದು 22 ನಿಮಿಷ.

ವೇದಿಕಿ ಮ್ಯಾಲ 19 ಮಂದಿ. ಎಣಿಸೇನಿ, ಬ್ಯಾರೆ ಏನ್ ಕೆಲಸ ಇತ್ತು? ಎಲ್ಲಾರಿಗೂ ಶಾಲು, ಹಾರ, ನೆನಪಿನ ಕಾಣಿಕೆ. ಸಸಿಗೆ ನೀರ ಹಾಕಿ ಉದ್ಘಾಟನಾ. (ಆ ಸಸಿ ಕಡೀಕ ಯಾರೂ ಒಯ್ಯಲಿಲ್ಲ, ಶಾಮಿಯಾನದಾಂವ ಕುರ್ಚಿ ಸರಿಸೂವಾಗ ಮುರೀತು.) ಎಲ್ಲಾರ ಬಾಯಾಗೂ ಒಂದ ಮಾತು: ‘ಉಳಿಸಿ ಬೆಳೆಸುವುದು ನಮ್ಮೆಲ್ಲರ ಆದ್ಯ ಕರ್ತವ್ಯವಾಗಿದೆ.’ ಹಿಂಗ ಅಂದವರೆಲ್ಲಾ ಮುಂಜಾನೆ ಚಾದಂಗಡ್ಯಾಗ ‘ನಾಷ್ಟಾ ಆತೇನಲೇ?’ ಅನ್ನಾವ್ರ. ಮೈಕ್ ಕಂಡ ಕೂಡ್ಲೇ ನಾಲಗಿಗೆ ಇಸ್ತ್ರಿ.

ಒಬ್ಬ ದೊಡ್ಡಮನಶಾರು ‘ನಾನು ಅಮೀರಬಾಯಿ ಕರ್ನಾಟಕಿಯವರ ಹಾಡು ಕೇಳಿ ಬೆಳೆದವನು’ ಅಂದ್ರು. ನಾ ನೆಟ್ಟಗ ಕುಂತೆ. ನಮ್ಮ ಬೀಳಗಿ ಹೆಣ್ಮಗಳು, ಮುಂಬೈಗೆ ಹೋಗಿ 1943ರ ‘ಕಿಸ್ಮತ್’ ಸಿನಿಮಾಕ್ಕ ಹಾಡಿದಾಕಿ. ಅವರು ವೇದಿಕಿ ಇಳದ ಬಂದಾಗ ಹೋಗಿ ಕೇಳಿದೆ, ‘ಸರ್, ಯಾವ ಹಾಡು ನಿಮಗ ಭಾಳ ಸೇರತೈತ್ರಿ?’ ಅಂತ. ‘ಎಲ್ಲಾ ಹಳೇವು ಅದಾವಲ್ಲ, ಅವ’ ಅಂದು ಕಾರ್ ಹತ್ತಿದ್ರು. ಪಾರಿಜಾತದ ಹಾರ್ಮೋನಿಯಂ ಪೆಟಗಿ ಇನ್ನೂ ತೆರದೇ ಇರಲಿಲ್ಲ.

ಅಷ್ಟೊತ್ತಿಗೆ ನಾ ವೇದಿಕಿ ಹಿಂದ ಹೋಗಿದ್ದೆ. ಮುಧೋಳ ಕಡೀ ತಂಡ. ಮಧ್ಯಾಹ್ನ ನಾಕಕ್ಕ ಬಂದು ಬಣ್ಣ ಹಚ್ಚಿಕೊಂಡು ಕುಂತಿದ್ರು ಪಾಪ, ಐದೂವರಿಗೆ ಅಂದಿದ್ರಲ್ಲ. ಸತ್ಯಭಾಮಾ ಟಾಟಾ ಏಸ್ ಗಾಡಿ ಹಿಂದಿನ ಫಳಿ ಮ್ಯಾಲ ಕುಂತು, ತುಟಿ ಬಣ್ಣ ಹೋಗಬಾರದಂತ ಮಿರ್ಚಿ ಭಜಿ ಸಣ್ಣ ಸಣ್ಣ ತುಣಕ ಮಾಡಿ ಬಾಯಾಗ ಹಾಕ್ಕೊಳ್ಳಾಕತ್ತಿದ್ದಳು. ಶೆಕಿಗೆ ಹಣೀ ಬಣ್ಣ ಹುಬ್ಬಿನ ಮಟಾ ಇಳದಿತ್ತು. ಭಾಗವತರು ಎಪ್ಪತ್ತರ ಆಸುಪಾಸಿನ ಮುದುಕ. ‘ಯಜ್ಜಾ, ನಿಮಗೂ ಶಾಲು ಹಾಕ್ತಾರಂತ’ ಅಂದೆ. ‘ಭಾಳ ಹಾಕ್ಯಾರ ತಮ್ಮಾ. ಹಾರ್ಮೋನಿಯಂಗ ಒಂದ ಹೊದಿಸೇನಿ, ಉಳದದ್ದು ಟ್ರಂಕಿನ್ಯಾಗ ಅದಾವು. ಈಗ ಆಟಾ ಯಾವಾಗಂತ ಕೇಳಿ ಬಾ, ಹೋಗು’ ಅಂದ್ರು.

ಆಟಾ ಸುರು ಆತು. ನಾರದ ಬಂದ, ಹೂ ಕೊಟ್ಟ. ಕೃಷ್ಣ ಅದನ್ನ ರುಕ್ಮಿಣಿಗೆ ಕೊಟ್ಟ. ಸುದ್ದಿ ಸತ್ಯಭಾಮಾನ ಕಿವಿಗೆ ಮುಟ್ಟಿತು. ಆಕಿ ಸೆರಗ ಸುತ್ತಿ ಸೊಂಟಕ್ಕ ಸಿಗಸೋದಕ್ಕೂ, ಕಾರ್ಯಕರ್ತನೊಬ್ಬ ಭಾಗವತರ ಕೈಯಾಗ ಚೀಟಿ ಕೊಡೋದಕ್ಕೂ ಸರಿ ಹೋತು. ಭಾಗವತರು ಚೀಟಿ ಕಣ್ಣಿಗೆ ಹಿಡದು ಓದಿ, ಜುಬ್ಬಾ ಕಿಸೇದಾಗ ಇಟ್ಟು, ತಾಳ ತಪ್ಪಸದ ಅಂದ್ರು: ‘ಲಗೂನ ಸಿಟ್ಟಾಗವ್ವಾ ಸತ್ಯಭಾಮಾ, ಹತ್ತಕ್ಕ ಮೈಕ್ ಬಂದ್ ಐತಿ!’

ಮಂದಿ ಬಿದ್ದ ಬಿದ್ದ ನಕ್ಕರು. ನಾನೂ ನಕ್ಕೆ. ಮನಿಗೆ ಬಂದು ರೊಟ್ಟಿ ಮುಂದ ಕುಂತಾಗ ಸಿಟ್ಟ ಬಂತು. ರಾತ್ರಿಯೆಲ್ಲಾ ಇಳೀಲಿಲ್ಲ, ಅದಕ್ಕ ಇದನ್ನ ಬರ್ಯಾಕತ್ತೇನಿ.

ಪಾರಿಜಾತ ಅಂದ್ರ ಏನ್ರಿ? ಒಂದು ಹೂವಿನ ಸಂಬಂಧ ಗಂಡಾ ಹೆಂಡತಿ ಜಗಳ, ಅಷ್ಟ. ಆ ಜಗಳಾನ ಅಪರಾಳ ತಮ್ಮಣ್ಣ ಬರದು, ನಮ್ಮ ಕುಲಗೋಡ ತಮ್ಮಣ್ಣ ಆಟಕ್ಕ ತಿದ್ದಿ, ಕೌಜಲಗಿ ನಿಂಗಮ್ಮ ಊರೂರಿಗೆ ಒಯ್ದು ಕುಣಿಸಿ, ಈ ಘಟಪ್ರಭಾ ಸುತ್ತಲಿನ ಮಂದಿ ರಾತ್ರಿ ಬೆಳತನಕ ನೋಡ್ಯಾರ. ಯಾಕ ಅಷ್ಟೊತ್ತು ಬೇಕು? ಗಂಡಾ ಹೆಂಡತಿ ಜಗಳ 22 ನಿಮಿಷದಾಗ ಮುಗೀತೈತೇನು? ನಮ್ಮನ್ಯಾಗ ಕುಕ್ಕರ್ ರಬ್ಬರ್ ತರೋದು ಮರತಿದ್ದಕ್ಕ ಮೂರ ದಿನಾ ನಡದೈತಿ. ಸತ್ಯಭಾಮಾ ಒಂದ ಸಾಲು ಹಾಡ್ತಾಳ, ತಿರಗಿ ಅದ್ನ ಹಾಡ್ತಾಳ, ಐದನೇ ಸಲಕ್ಕ ಅದು ಸಿಟ್ಟಲ್ಲ, ಅಳು ಅಂತ ನಿಮಗ ತಿಳೀತೈತಿ. ನಡುವ ಆಕಿ ಸಖಿ ದೂತಿ ಬಂದು ಆ ಅಳೂನ ಒಡದ ಹಾಕ್ತಾಳ. ಹೋದ ವರ್ಷ ಒಂದ ಹಳ್ಳಿ ಜಾತ್ರ್ಯಾಗ ನೋಡಿದ್ದೆ. ‘ಹೂವಿನ ಸಂಬಂಧ ಇಷ್ಟ ಯಾಕ ಸಿಟ್ಟ ನಮ್ಮವ್ವಾ? ನಮ್ಮಾಂವ ಹೂ ಅಲ್ಲ, ಹೂಕೋಸ ತರ್ತಾನ. ಅದೂ ಉದ್ರಿ!’ ಅಂದ್ಲು ದೂತಿ. ಮುಂದ ಕುಂತಿದ್ದ ಕಾಯಿಪಲ್ಲೆ ಮಾರಾಂವ ಎದ್ದ ನಿಂತು, ‘ಹೌದು, ನನಗ ಕೊಡಬೇಕು ಅಂವಾ’ ಅಂದ. ಅಲ್ಲಿಂದ ಹತ್ತ ನಿಮಿಷ ಆ ಉದ್ರಿ ಲೆಕ್ಕಾನ ನಡೀತು, ದ್ವಾರಕಾ ಮರತ ಹೋತು. ಇದನ್ನ ಯಾವ ಚೀಟ್ಯಾಗ ಕೂಡಿಸ್ತೀರಿ?

ಇನ್ನೊಂದ ಖರೇ ಮಾತು ಹೇಳಿಬಿಡ್ತೇನಿ, ಇಷ್ಟ ಹಾರ್ಯಾಡಾಕತ್ತೇನಲ್ಲ. ಸಣ್ಣಾಂವಿದ್ದಾಗ ಅವ್ವನ ಕೂಡ ಎಷ್ಟ ಪಾರಿಜಾತಕ್ಕ ಹೋಗೇನೋ ಲೆಕ್ಕಿಲ್ಲ. ಒಂದರದೂ ಕಡೀಕ ಏನಾತು ನನಗ ಗೊತ್ತಿರಲಿಲ್ಲ. ಗೊಲ್ಲತಿ ವೇಷ ಬರೂದ್ರಾಗ ಅವ್ವನ ತೊಡೀ ಮ್ಯಾಲ ಮಕ್ಕೊಂಡಿರತಿದ್ದೆ. ಕೌದಿ ವಾಸನಿ, ತಬಲಾದ ಸಪ್ಪಳ, ಅವ್ವ ನಕ್ಕಾಗ ಅಲಗಾಡೋ ಹೊಟ್ಟಿ, ನನ್ನ ಪಾರಿಜಾತ ಅಂದ್ರ ಇಷ್ಟ. ಕೊರವಂಜಿ ವೇಷ ಬರೋತನಕ ಎಚ್ಚರಿದ್ದು ಪೂರಾ ಆಟಾ ನೋಡಿದ್ದು 46ನೇ ವಯಸ್ಸಿನ್ಯಾಗ. ನಡುವಿನ ಅಷ್ಟೂ ವರ್ಷ? ಧಾರವಾಡದಾಗ ಓದೂವಾಗ ‘ನಮ್ಮೂರ ಆಟಾ’ ಅನ್ನಾಕ ನಾಚಿಕಿ. ರೂಮಿನ ಗೆಳ್ಯಾರ ಮುಂದ ದೊಡ್ಡ ದೊಡ್ಡ ಕಾದಂಬರಿ ಹೆಸರು ಹೇಳತಿದ್ದೆ, ಅರ್ಧಾ ಓದಿರತಿದ್ದಿಲ್ಲ. ಸಿನಿಮಾದಾಗ ನಮ್ಮ ಭಾಷಾ ಬರೇ ಕಾಮಿಡಿ ಮಾಡಾವನ ಬಾಯಾಗ ಬಂದಾಗ ಎಲ್ಲಾರಕಿಂತ ಜೋರ ನಗಾಂವ ನಾನ.

ಮುಂಜಾನೆ ಇದನ್ನೆಲ್ಲಾ ಅಕ್ಕನ ಮಗನ ಮುಂದ ಹೇಳಿದೆ. ‘ಮಾಮಾ, ರಾತ್ರಿ ಬೆಳತನಕ ಕುಂದ್ರಾಕ ಈಗ ಯಾರಿಗೆ ಟೈಮ್ ಐತಿ? ಮೂರ ನಿಮಿಷದ ರೀಲ್ಸ್ ಮಾಡಬೇಕು, ಆಗ ಉಳೀತೈತಿ’ ಅಂದ. ಇಂವಾ ಹೋದ ಶನಿವಾರ ಒಂದ ಕೊರಿಯಾ ಸೀರಿಯಲ್ಲು ಎಂಟ ಭಾಗ ಒಂದ ರಾತ್ರ್ಯಾಗ ನೋಡಿ, ಮರದಿನ ಕೆಂಪ ಕಣ್ಣಲೆ ಆಫೀಸಿಗೆ ರಜಾ ಹಾಕಿದಾಂವ. ಅದೂ ಗಂಡಾ ಹೆಂಡತಿ ಜಗಳದ್ದ. ಟೈಮಿಲ್ಲಂತ!

ಮಂದಿ ಕುಂದ್ರಂಗಿಲ್ಲ ಅನ್ನಾವ್ರು ಬನಶಂಕರಿ ಜಾತ್ರಿಗೆ ಬರ್ರಿ. ಬನದ ಹುಣ್ಣಿವಿ ಆದ ಮ್ಯಾಲ ಸಾಲಾಗಿ ನಾಟಕ ಕಂಪನಿ ತಗಡಿನ ಥಿಯೇಟರು, ಒಂದ ರಾತ್ರಿಗೆ ಒಂದಕಿಂತ ಹೆಚ್ಚ ಆಟಾ, ಸುಮಾರ ಒಂದ ತಿಂಗಳ. ಯಾರೂ ಅಲ್ಲಿ ಕಲೆ ಉಳಸಾಕ ಬಂದಿರಂಗಿಲ್ಲ. ಥಂಡ್ಯಾಗ ಶಾಲ ಹೊದ್ದು, ರೊಕ್ಕಾ ಕೊಟ್ಟು ಟಿಕೀಟ್ ತಗೊಂಡು, ನಗಾಕ ಬಂದಿರ್ತಾರ. ‘ಅಲ್ಲಿ ಬರೇ ಡಬಲ್ ಮೀನಿಂಗ್ ರೀ’ ಅಂತ ಮೂಗ ಮುರೀತೀರಿ, ಗೊತ್ತೈತಿ. ಇರ್ತಾವು. ಕೆಲವಂತೂ ಭಾಳ ಹೊಲಸ. ನಾನೂ ನಮ್ಮಾಕಿ ಮುಂದ ಮೂಗ ಮುರದೇನಿ, ಮರದಿನ ಗೆಳ್ಯಾರ ಕೂಡ ಹೋಗಿ ಅದ ನಾಟಕಾನ ತಿರಗಿ ನೋಡೇನಿ.

ನಿನ್ನೆ ಭಾಷಣದಾಗ ಹಲಸಂಗಿ ಗೆಳೆಯರ ಹೆಸರೂ ಮೂರ ಸಲ ಬಂತು. 1931ರಾಗ ‘ಗರತಿಯ ಹಾಡು’ ತಂದ ಮಧುರಚೆನ್ನರು, ಸಿಂಪಿ ಲಿಂಗಣ್ಣನವರು ಹೆಣ್ಮಕ್ಕಳ ಬಾಯಾಗಿನ ಹಾಡು ಮೊದಲ ಕುಂತು ಕೇಳಿದ್ರು, ಆಮ್ಯಾಲ ಬರಕೊಂಡ್ರು. ನಮ್ಮವರದು ಉಲ್ಟಾ, ಮೊದಲ ಎರಡ ತಾಸು ಹೇಳಿ, ಕೇಳೂ ಹೊತ್ತಿಗೆ ಎದ್ದ ಹೋಗ್ತಾರ.

ಮೈಕ್ ಹತ್ತಕ್ಕ ಬಂದ್ ಆಗೋದು ಕಾಯ್ದೆ, ಅದಕ್ಕ ಸಂಘಟಕರು ಏನ್ ಮಾಡ್ಯಾರು ಅಂತ ಯಾರರ ಕೇಳಬಹುದು. ಐದೂವರಿಗೆ ಆಟಾ ಸುರು ಮಾಡಿ, ಒಂಬತ್ತೂವರಿಗೆ ಭಾಷಣ ಇಡ್ರಿ. ಯಾರ್ಯಾರು ಉಳೀತಾರ ನೋಡೂನು.

ಈಗ ನೀವು ಕೇಳಬೇಕಾದ ಪ್ರಶ್ನೆ ನಾನ ಕೇಳ್ಕೋತೇನಿ. ಆ ಕಾರ್ಡ್ ಪ್ರಿಂಟ್ ಮಾಡಿದಾಂವ ಯಾರು?

ನಾನ.

ಮಲ್ಟಿಕಲರ್, 500 ಕಾರ್ಡ್. ದಿವ್ಯ ಸಾನ್ನಿಧ್ಯ, ಉದ್ಘಾಟಕರು, ಅಧ್ಯಕ್ಷತೆ, ಘನ ಉಪಸ್ಥಿತಿ, ಮುಖ್ಯ ಅತಿಥಿಗಳು, ವಿಶೇಷ ಆಹ್ವಾನಿತರು ಅಂತ ಮೂರ ಕಾಲಂ, 31 ಹೆಸರು, 17 ಫೋಟೋ. ಕಡೀಕ 9 ಪಾಯಿಂಟಿನ್ಯಾಗ ‘ನಂತರ ಸಾಂಸ್ಕೃತಿಕ ಕಾರ್ಯಕ್ರಮ’. ಅದರ ಕೆಳಗ ಇನ್ನೂ ಸಣ್ಣ ಅಕ್ಷರದಾಗ ತಂಡದ ಊರ ಹೆಸರು, ಅದರಾಗ ಒಂದ ಒತ್ತಕ್ಷರ ತಪ್ಪು. ಪ್ರೂಫ್ ನೋಡೂವಾಗ ನನಗೂ ಸಂಘಟಕರಿಗೂ ಕಂಡಿತ್ತು. ‘ನಡೀತೈತಿ ಬಿಡ್ರಿ ಅಣ್ಣಾ, ಯಾರ್ ಓದ್ತಾರ’ ಅಂದ್ರು ಅವರು. ಅದ ಕಾರ್ಡಿನ್ಯಾಗ ಅತಿಥಿಯೊಬ್ಬರ ಹೆಸರಿನ ಹಿಂದ ‘ಶ್ರೀ’ ಬಿಟ್ಟಿತ್ತಂತ 500 ಕಾರ್ಡ್ ಹರದ ಹಾಕಿ ಹೊಸದಾಗಿ ಪ್ರಿಂಟ್ ಮಾಡೇವಿ. ಎರಡ ಸಲ ರೊಕ್ಕಾ ಬಂತು ನನಗ. ತಗೊಂಡೆ.

ವಿಜಯಪುರದಾಗ ಫ.ಗು. ಹಳಕಟ್ಟಿಯವರು 1925ರಾಗ ಮನಿ ಮಾರಿ ಹಿತಚಿಂತಕ ಮುದ್ರಣಾಲಯ ಹಾಕಿದ್ರು, ವಚನ ಅಚ್ಚಾಗಬೇಕಂತ. ನಮ್ಮ ಪ್ರೆಸ್ಸಿನ ಗ್ವಾಡಿಗೆ ಅವರ ಫೋಟೋ ಐತಿ, ಅಪ್ಪ ಹಾಕಿದ್ದು. ಫೋಟೋದ ಕೆಳಗ ಕುಂತ ನಾ ಆ ತಪ್ಪ ಒತ್ತಕ್ಷರ ಹಂಗ ಬಿಟ್ಟೆ. ಭಾಗವತರಿಗೆ ಕಾರ್ಡ್ ಕೊಟ್ಟಾಗ ಅವರು ಬೆಳಕಿಗೆ ಹಿಡದು, ಬೆರಳಲೆ ಆ ಸಾಲು ಹುಡುಕಿ, ‘ಇದ ಯಾವೂರು ತಮ್ಮಾ?’ ಅಂತ ಕೇಳಿದ್ರು. ಚಾ ತರ್ತೇನಿ ಅಂತ ಹೇಳಿ ಅಲ್ಲಿಂದ ಎದ್ದೆ.

ಇವತ್ತ ಮಧ್ಯಾಹ್ನ ಇನ್ನೊಂದ ಸಂಘದವರು ಫೋನ್ ಮಾಡಿದ್ರು. ಮುಂದಿನ ತಿಂಗಳ ಅವರದೂ ಪಾರಿಜಾತ ಐತಂತ. ‘ಹೋದ ಕಾರ್ಡಿನಂಗ ಮಾಡ್ರಿ ಅಣ್ಣಾ, ಬರೇ ಹೆಸರು ಬದ್ಲಿ ಮಾಡ್ರಿ’ ಅಂದ್ರು. ಸಿಟ್ಟಿನ್ಯಾಗ ಕುಂತಿದ್ದೆನಲ್ಲ, ತಂಡದ ಹೆಸರು ಎಲ್ಲಾರಕಿಂತ ಮ್ಯಾಲ 36 ಪಾಯಿಂಟಿನ್ಯಾಗ ಹಾಕಿದೆ. ಭಾಗವತ, ದೂತಿ, ಹಾರ್ಮೋನಿಯಂ, ತಬಲಾ, ಒಬ್ಬೊಬ್ಬರದೂ ಹೆಸರು ಬರೋವಂಗ ಜಾಗಾ ಬಿಟ್ಟೆ. ಅತಿಥಿಗಳನ್ನ ಕೆಳಗ 9 ಪಾಯಿಂಟಿಗೆ ಇಳಿಸಿ, ಪ್ರೂಫ್ ವಾಟ್ಸಾಪ್ ಮಾಡಿದೆ.

ಹತ್ತ ನಿಮಿಷದ ಹಿಂದ ಉತ್ತರ ಬಂತು: ‘ಭಾಳ ಚಲೋ ಆಗೇತಿ ಅಣ್ಣಾ. ಬರೇ ಮ್ಯಾಲಿಂದು ಕೆಳಗ, ಕೆಳಗಿಂದು ಮ್ಯಾಲ ಮಾಡ್ರಿ.’

ನೀಲಿ ಟಿಕ್ ಬಿದ್ದೈತಿ. ನಾ ಇನ್ನೂ ಏನೂ ಬರದಿಲ್ಲ.