ಕೊಳ್ಳುವಾಗ ಒಂದು ಕೊಳಗ, ಕೊಡುವಾಗ ಇನ್ನೊಂದು

ಆಗಸ್ಟ್ ತಿಂಗಳ ಕೊನೆಯ ಹೊತ್ತಿಗೆ, ಒಂದು ಮಂಗಳವಾರ, ಅಮೆರಿಕದಲ್ಲಿ ಸುಮಾರು 1,200 ಗಂಡಸರು ಒಟ್ಟಿಗೆ ಕೆಲಸ ಕಳೆದುಕೊಳ್ಳುತ್ತಾರೆ. ಬೇರೆ ಯಾವ ಧಂದೆಯಲ್ಲಾದರೂ ಇದು ದೊಡ್ಡ ರಾದ್ಧಾಂತ. ಅಮೆರಿಕನ್ ಫುಟ್‌ಬಾಲಿನ ದೊಡ್ಡ ಲೀಗಾದ ಎನ್‌ಎಫ್‌ಎಲ್‌ನಲ್ಲಿ ಇದು ಟಿವಿ ಕಾರ್ಯಕ್ರಮ. 32 ತಂಡಗಳು, ಒಂದೊಂದರಲ್ಲೂ 90 ಜನ. ಸಂಜೆ ನಾಲ್ಕರೊಳಗೆ ಅದು 53ಕ್ಕೆ ಇಳಿಯಬೇಕು. ಪರದೆಯ ಕೆಳಗೆ ಕೆಲಸ ಹೋದವರ ಹೆಸರುಗಳು ಓಡುತ್ತವೆ. ಮೇಲೆ ಕೋಟು ತೊಟ್ಟ ಪಂಡಿತರು ಚರ್ಚೆ ಮಾಡುತ್ತಾರೆ.

ಕ್ಯಾಂಪಿನ ಒಳಗೆ ಇಷ್ಟು ಗದ್ದಲ ಇರುವುದಿಲ್ಲ. ಆಫೀಸಿನ ಒಬ್ಬ ಹುಡುಗ ಬಂದು, ‘ಕೋಚ್ ಕರೀತಿದ್ದಾರೆ, ಪ್ಲೇಬುಕ್ ತಗೊಂಡು ಬಾ’ ಅನ್ನುತ್ತಾನೆ. ಅಷ್ಟೇ. ಆಟಗಾರರು ಅವನಿಗೆ ‘ಟರ್ಕ್’ ಎಂದು ಹೆಸರಿಟ್ಟಿದ್ದಾರೆ. ಅವನು ಹತ್ತಿರ ಬಂದರೆ ದೊಡ್ಡ ದೊಡ್ಡ ಆಳುಗಳೂ ಬಚ್ಚಲುಮನೆ ಕಡೆ ನಡೆಯುತ್ತಾರೆ. ಆಟದ ತಂತ್ರಗಳೆಲ್ಲ ಇರುವ ಆ ಪ್ಲೇಬುಕ್ ಈಗ ಐಪ್ಯಾಡಿಗೆ ಹೋಗಿದೆ. ಮನುಷ್ಯ ಹೋದರೆ ಹೋಗಲಿ, ಐಪ್ಯಾಡ್ ವಾಪಸ್ ಬರಬೇಕು.

ಈ ಪಟ್ಟಿಯಲ್ಲಿ ಡಿಫೆನ್ಸಿವ್ ಲೈನ್‌ಮನ್ ಎಂಬುವನು ತಪ್ಪದೆ ಇರುತ್ತಾನೆ. ಸುಮಾರು 140 ಕಿಲೋ ತೂಕ. ಚೆಂಡಿನ ಎದುರು ಕೈಯನ್ನು ನೆಲಕ್ಕೆ ಊರಿ ಬಗ್ಗಿ ನಿಲ್ಲುತ್ತಾನೆ. ಚೆಂಡು ಅಲುಗಿದ ಕೂಡಲೇ ಎದುರಿನವನಿಗೆ ಗುದ್ದುತ್ತಾನೆ. ನಾಲ್ಕೈದು ಸೆಕೆಂಡಿಗೆ ಮುಗಿಯಿತು. ಎದ್ದು ಬಂದು ಮತ್ತೆ ಅದೇ. ಸ್ಟಾರ್ ಆಗದಿದ್ದರೆ ಇವನು ಊರೂರು ಸುತ್ತಬೇಕು.

ಇವನನ್ನು ತಗೊಳ್ಳುವ ಮುಂಚೆ ಲೀಗ್ ತೋರುವ ಶ್ರದ್ಧೆ ನೋಡಬೇಕು! ಇಂಡಿಯಾನಾಪೊಲಿಸ್‌ನಲ್ಲಿ ‘ಕಂಬೈನ್’ ಅಂತ ಕಾಲೇಜು ಆಟಗಾರರ ಪರೀಕ್ಷೆ ನಡೆಯುತ್ತದೆ. ಚಡ್ಡಿಯಲ್ಲಿ ನಿಲ್ಲಿಸಿ ತೂಕ, ತೋಳಿನ ಉದ್ದ, ಅಂಗೈ ಅಗಲ ಎಲ್ಲ ಅಳೆಯುತ್ತಾರೆ. ಇಂಚಿನ ಎಂಟನೇ ಒಂದು ಭಾಗವೂ ತಪ್ಪಬಾರದು. ಒಂದು ತಂಡದ ಡಾಕ್ಟರ್ ಮೊಣಕಾಲು ಎಳೆದು ನೋಡಿದ ಮೇಲೆ ಇನ್ನೊಂದು ತಂಡದವರು ಬಂದು ಅದೇ ಮೊಣಕಾಲು ಎಳೆಯುತ್ತಾರೆ. ಆಮೇಲೆ 40 ಗಜ ಓಡಿಸುತ್ತಾರೆ, ಸೆಕೆಂಡಿನ ನೂರನೇ ಭಾಗದವರೆಗೆ ಲೆಕ್ಕ. ಎದುರಿನವನನ್ನು ಮೂರಡಿ ಹಿಂದಕ್ಕೆ ತಳ್ಳುವ ಕೆಲಸಕ್ಕೆ 40 ಗಜದ ಓಟ ಯಾಕೆ ಅಂತ ಕೇಳಬಾರದು.

2011ರಲ್ಲಿ ಇಂಥದೇ ಒಬ್ಬ ಲೈನ್‌ಮನ್, ಸ್ಟೀಫನ್ ಪೇಯಾ ಅಲ್ಲಿಗೆ ಬಂದರು. ನ್ಯೂಜಿಲೆಂಡಿನಲ್ಲಿ ಹುಟ್ಟಿ ಟೋಂಗಾದಲ್ಲಿ ಬೆಳೆದವರು. 102 ಕಿಲೋ ಬಾರನ್ನು ಬೆಂಚ್ ಮೇಲೆ ಮಲಗಿ 49 ಸಲ ಎತ್ತಿದರು. ಎಲ್ಲರೂ ಬೆರಗಾದರು. ತಂಡಗಳು ಸರದಿಯಂತೆ ಹೊಸಬರನ್ನು ಆರಿಸುವ ‘ಡ್ರಾಫ್ಟ್’ನಲ್ಲಿ ಶಿಕಾಗೊ ಬೇರ್ಸ್ ತಂಡ ಎರಡನೇ ಸುತ್ತಿನಲ್ಲೇ ಆರಿಸಿಕೊಂಡಿತು. ಅಲ್ಲಿ ನಾಲ್ಕು ವರ್ಷ, ಆಮೇಲೆ ವಾಷಿಂಗ್ಟನ್, ಕ್ಲೀವ್‌ಲ್ಯಾಂಡ್, ಡಲ್ಲಾಸ್. 2017ರ ಸೀಸನ್ ನಡುವೆಯೇ ನಿವೃತ್ತಿ. ಮೊಣಕಾಲು ಕೈಕೊಟ್ಟಿತ್ತು. ಮಲಗಿಕೊಂಡು ಬಾರ್ ಎತ್ತುವಾಗ ಮೊಣಕಾಲಿಗೆ ಏನೂ ಕೆಲಸ ಇರುವುದಿಲ್ಲ ನೋಡಿ. ಅದಕ್ಕೂ ಮುಂಚೆ, 1999ರಲ್ಲಿ, ಜಸ್ಟಿನ್ ಅರ್ನೆಸ್ಟ್ 51 ಸಲ ಎತ್ತಿದ್ದರು. ಅವರನ್ನು ಡ್ರಾಫ್ಟಿನಲ್ಲಿ ಯಾರೂ ಆರಿಸಲಿಲ್ಲ. ಲೀಗಿನ ಒಂದು ಪಂದ್ಯವನ್ನೂ ಅವರು ಆಡಲಿಲ್ಲ. ಬಾರ್ ಮಾತ್ರ ಆಮೇಲೂ ಪ್ರತಿ ವರ್ಷ ಬಂತು.

ಮೈಕ್ ಪರ್ಸೆಲ್ ಕಥೆ ಇನ್ನೂ ಚೆನ್ನ. 2013ರಲ್ಲಿ ವಯೋಮಿಂಗ್ ಕಾಲೇಜಿನಿಂದ ಬಂದ ಇವರನ್ನೂ ಯಾರೂ ಡ್ರಾಫ್ಟ್ ಮಾಡಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ, ಲಾಸ್ ಏಂಜಲೀಸ್, ಶಿಕಾಗೊ, ಕೆರೊಲಿನಾ, ನ್ಯೂ ಇಂಗ್ಲೆಂಡ್, ಕ್ಯಾನ್ಸಸ್ ಸಿಟಿ ಎಲ್ಲ ಸುತ್ತಿ, 2019ರಲ್ಲಿ ಎಎಎಫ್ ಎಂಬ ಹೊಸ ಲೀಗಿನ ಸಾಲ್ಟ್ ಲೇಕ್ ತಂಡ ಸೇರಿದರು. ಆ ಲೀಗ್ ಫೆಬ್ರವರಿಯಲ್ಲಿ ಹುಟ್ಟಿ ಏಪ್ರಿಲ್‌ನಲ್ಲಿ ಸತ್ತಿತು. ಹತ್ತು ವಾರದ ಸೀಸನ್, ಎಂಟೇ ವಾರಕ್ಕೆ ಬಾಗಿಲು. ಮೆಂಫಿಸ್ ತಂಡದ ಆಟಗಾರರು ಹೋಟೆಲಿಗೆ ವಾಪಸ್ ಬಂದರೆ ಅವರ ಬಟ್ಟೆಬರೆಯೆಲ್ಲ ಲಾಬಿಯಲ್ಲಿತ್ತು. ರೂಮು ಖಾಲಿ ಮಾಡಿಸಿಯಾಗಿತ್ತು. ಊರಿಗೆ ಹೋಗಲು ಸ್ವಂತ ದುಡ್ಡು.

ಎನ್‌ಎಫ್‌ಎಲ್‌ನ ಆರು ಊರುಗಳಲ್ಲಿ ನೆಲೆ ಸಿಗದ ಪರ್ಸೆಲ್, ದಿವಾಳಿಯಾದ ಲೀಗಿನಿಂದ ಎದ್ದು ಡೆನ್ವರ್ ತಂಡ ಸೇರಿ ನೆಲೆ ನಿಂತರು. 2020ರ ಅಕ್ಟೋಬರ್‌ನಲ್ಲಿ ಮೂರು ವರ್ಷದ ಹೊಸ ಕರಾರೂ ಆಯಿತು. ಅದೇ ಸೀಸನ್ನಿನಲ್ಲಿ ಪಾದಕ್ಕೆ ಪೆಟ್ಟು. ಆ ಆರು ತಂಡಗಳ ಹತ್ತಿರವೂ ಇವರ ಅಳತೆಯೆಲ್ಲ ಇತ್ತು, ಅಲ್ವಾ?

ಸಂಬಳ ಕೇಳಿದರೆ ನಮ್ಮ ನಿಮ್ಮ ಬಾಯಿ ತೆರೆದೇ ಇರುತ್ತದೆ, ಒಪ್ಪೋಣ. 2025ರಲ್ಲಿ ಹೊಸಬನಿಗೆ ಕಡಿಮೆ ಎಂದರೂ 8,40,000 ಡಾಲರ್. ಆದರೆ ಬಟವಾಡೆ ವಾರಕ್ಕೊಮ್ಮೆ, 18 ಕಂತು. ಮೂರು ವಾರ ಪಟ್ಟಿಯಲ್ಲಿದ್ದರೆ ಮೂರೇ ಕಂತು. ಹಳಬರಿಗೊಂದು ವಿಶೇಷ ರಕ್ಷಣೆ ಇದೆ. ನಾಲ್ಕು ವರ್ಷ ಪೂರೈಸಿದವನು ಮೊದಲ ವಾರದ ಪಟ್ಟಿಯಲ್ಲಿದ್ದರೆ ಇಡೀ ವರ್ಷದ ಸಂಬಳ ಖಾತ್ರಿ. ತಂಡಗಳು ಈ ನಿಯಮವನ್ನು ಬಹಳ ಗೌರವಿಸುತ್ತವೆ. ಹಾಗಾಗಿ ಅವನನ್ನು ಮೊದಲ ವಾರ ಮನೆಯಲ್ಲಿ ಕೂರಿಸಿ, ಎರಡನೇ ವಾರ ಕರೆಯುತ್ತವೆ.

ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾದಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ತಂಡ ಆಡುವ ಲೀವೈಸ್ ಸ್ಟೇಡಿಯಮ್ ಸುತ್ತ ಕನ್ನಡದವರ ಮನೆಗಳು ಬೇಕಾದಷ್ಟಿವೆ. ಎಚ್-1ಬಿ ವೀಸಾದ ಕೆಲಸ ಹೋದರೆ ಬೇರೆ ಕೆಲಸ ಹುಡುಕಲು 60 ದಿನ ಅಂತ ಅಲ್ಲಿನವರ ಗೋಳು. ಪಕ್ಕದ ಸ್ಟೇಡಿಯಮ್ಮಿನಲ್ಲಿ ಹೊಸ ಆಟಗಾರನನ್ನು ಕೈಬಿಟ್ಟರೆ 24 ಗಂಟೆ. ಅಷ್ಟರಲ್ಲಿ ಬೇರೆ ತಂಡ ಎತ್ತಿಕೊಂಡರೆ ಗಂಟುಮೂಟೆ ಕಟ್ಟಬೇಕು. ಬರ್ತೀಯಾ ಅಂತ ಯಾರೂ ಕೇಳುವುದಿಲ್ಲ. ಕೆಲವು ಸಲ ತಂಡಕ್ಕೆ ಅವನ ಆಟವೂ ಬೇಕಿರುವುದಿಲ್ಲ. ಮುಂದಿನ ಭಾನುವಾರ ಅವನ ಹಳೇ ತಂಡದ ಜತೆ ಪಂದ್ಯ ಇರುತ್ತದೆ, ಅಲ್ಲಿನ ಗುಟ್ಟು ಇವನ ತಲೆಯಲ್ಲಿರುತ್ತದೆ. ಆ ಒಂದು ವಾರ ತಲೆಗೆ ಬೆಲೆ.

ಇನ್ನು ಹೊರಗೆ ಹೋಗುವಾಗಿನ ಲೆಕ್ಕ. ಪಿಂಚಣಿಗೆ ಮೂರು ಸೀಸನ್ ಬೇಕು, ಒಂದು ಸೀಸನ್ ಎನಿಸಿಕೊಳ್ಳಲು ಮೂರು ಪಂದ್ಯದ ಹೊತ್ತಿಗೆ ಪಟ್ಟಿಯಲ್ಲಿರಬೇಕು. ಎರಡು ಸೀಸನ್, ಮೇಲೆ ಎರಡು ಪಂದ್ಯ ಅಂದರೆ ಪಿಂಚಣಿ ಸೊನ್ನೆ. ಆಟಗಾರನ ಸರಾಸರಿ ಆಯುಸ್ಸು ಸುಮಾರು 3.3 ವರ್ಷ ಅನ್ನುತ್ತದೆ ಆಟಗಾರರ ಸಂಘ. ಛೆ, ಆರು ವರ್ಷದ ಹತ್ತಿರ ಅನ್ನುತ್ತದೆ ಲೀಗ್. ಹೇಗಂತೀರಾ? ಮೊದಲ ವರ್ಷವೇ ಸೀಸನ್ ಶುರುವಿನ ಪಟ್ಟಿಗೆ ಬಂದವರನ್ನಷ್ಟೇ ಎಣಿಸಿದರೆ ಆಯಿತು. ಫೇಲಾದವರನ್ನು ಬಿಟ್ಟರೆ ಎಲ್ಲ ಶಾಲೆಯದ್ದೂ ನೂರಕ್ಕೆ ನೂರು ಫಲಿತಾಂಶವೇ.

ತಲೆಯ ವಿಷಯಕ್ಕೆ ಬಂದರೆ ಅಳತೆಪಟ್ಟಿಯೇ ಬದಲಾಗುತ್ತದೆ. 1994ರಲ್ಲಿ ಲೀಗ್ ಮಿದುಳಿನ ಪೆಟ್ಟು ಅಧ್ಯಯನ ಮಾಡಲು ಸಮಿತಿ ಮಾಡಿತು. ಅದರ ಮುಖ್ಯಸ್ಥ ಎಲಿಯಟ್ ಪೆಲ್‌ಮನ್, ಕೀಲುನೋವಿನ ಡಾಕ್ಟರ್. ಕೊನೆಗೆ ಸಾವಿರಾರು ಮಾಜಿ ಆಟಗಾರರು ಕೋರ್ಟಿಗೆ ಹೋಗಿ, ಪರಿಹಾರದ ಒಪ್ಪಂದವಾಯಿತು. ಮರೆವಿನ ರೋಗ ಎಷ್ಟಿದೆ ಎಂದು ಪರೀಕ್ಷೆ ಮಾಡಬೇಕಲ್ಲ? ಅಲ್ಲಿ, ಕಪ್ಪು ಆಟಗಾರರ ಬುದ್ಧಿಮಟ್ಟ ಮೊದಲಿಂದಲೇ ಕಡಿಮೆ ಇತ್ತು ಎಂದು ಹಿಡಿದು ಲೆಕ್ಕ ಹಾಕಲಾಯಿತು. ಮೊದಲೇ ಕಡಿಮೆ ಇದ್ದರೆ ಕಳೆದುಕೊಂಡಿದ್ದೂ ಕಡಿಮೆ, ಪರಿಹಾರ ಸಿಗುವುದೂ ಕಷ್ಟ. ಕಂಬೈನಿನಲ್ಲಿ ಬಾರಿನ ತೂಕ ಮಾತ್ರ ಎಲ್ಲ ಬಣ್ಣದವರಿಗೂ ಒಂದೇ.

ಪಿಟ್ಸ್‌ಬರ್ಗ್‌ನ ಮಾಜಿ ಡಿಫೆನ್ಸಿವ್ ಲೈನ್‌ಮನ್ ಕೆವಿನ್ ಹೆನ್ರಿ ಮತ್ತು ಇನ್ನೊಬ್ಬ ಆಟಗಾರ 2020ರಲ್ಲಿ ಇದನ್ನು ಕೋರ್ಟಿಗೆ ಒಯ್ದರು. ಮರುವರ್ಷ ಜೂನ್‌ನಲ್ಲಿ ಲೀಗ್ ಆ ಪದ್ಧತಿ ಬಿಡುವುದಾಗಿ ಹೇಳಿತು. ಅದಕ್ಕೆ ಮೂರು ತಿಂಗಳ ಮುಂಚೆ ಟಿವಿಯವರ ಜತೆ 11 ವರ್ಷಕ್ಕೆ ಸುಮಾರು 11,000 ಕೋಟಿ ಡಾಲರಿನ ಒಪ್ಪಂದ ಆಗಿತ್ತು. ಅದೇ ತಿಂಗಳು, ಒಂದೊಂದು ತಂಡ ಸೀಸನ್ನಿಗೆ ಆಡುವ ಪಂದ್ಯಗಳನ್ನು 16ರಿಂದ 17ಕ್ಕೆ ಏರಿಸಿದರು.