ಗೆಡ್ಡೆಯನ್ನು ಹುಡುಕಿಕೊಂಡು ಹೋಗುವ ಕಣ ಯಾವುದೂ ಇಲ್ಲ

"ನೇರ ಕ್ಯಾನ್ಸರ್ ಗೆಡ್ಡೆಗೇ ಹೋಗಿ ಬಡಿಯುವ ನ್ಯಾನೋ ಔಷಧ" ಎಂಬ ಸುದ್ದಿ ಆಗಾಗ ಹರಿದಾಡುತ್ತಲೇ ಇರುತ್ತದೆ. ಔಷಧ ಹೊತ್ತ ಈ ಅತಿ ಸಣ್ಣ ಕಣವನ್ನು ರಕ್ತಕ್ಕೆ ಬಿಟ್ಟರೆ ಅದು ರಕ್ತ ಒಯ್ದ ಕಡೆ ಹೋಗುತ್ತದೆ, ಅಷ್ಟೇ. ಹತ್ತು ವರ್ಷಗಳ ಪ್ರಾಣಿಪ್ರಯೋಗಗಳನ್ನು ಒಟ್ಟು ಹಾಕಿ 2016ರಲ್ಲಿ ಲೆಕ್ಕ ಹಾಕಿದಾಗ, ಚುಚ್ಚಿದ ಡೋಸ್‌ನಲ್ಲಿ ಗೆಡ್ಡೆ ಸೇರಿದ ಪಾಲಿನ ಮಧ್ಯಾಂಕ ಕೇವಲ 0.7%. ಮಿಕ್ಕದ್ದರಲ್ಲಿ ದೊಡ್ಡ ಪಾಲು ಲಿವರ್ ಮತ್ತು ಗುಲ್ಮಕ್ಕೆ.

ಕಣ ಸುಮಾರು 6 ನ್ಯಾನೋಮೀಟರ್‌ಗಿಂತ ಸಣ್ಣದಾದರೆ ಕಿಡ್ನಿ ಸೋಸಿ ಹೊರಹಾಕುತ್ತದೆ. ದೊಡ್ಡದನ್ನು ಲಿವರ್‌ನ ಕುಪ್ಫರ್ ಕೋಶಗಳು ನುಂಗುತ್ತವೆ. ಇವುಗಳ ಕಣ್ತಪ್ಪಿಸಲು ಕಣದ ಮೈಗೆ ಪೆಗ್ (ಪಾಲಿಎಥಿಲೀನ್ ಗ್ಲೈಕಾಲ್) ಎಂಬ ಪಾಲಿಮರ್ ಹೊದಿಸುತ್ತಾರೆ. ಆದರೆ ಮೊದಲ ಡೋಸ್‌ಗೇ ಪೆಗ್ ವಿರುದ್ಧ ಪ್ರತಿಕಾಯ ಹುಟ್ಟಿಕೊಂಡರೆ ಎರಡನೆಯದು ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

1995ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಡಾಕ್ಸಿಲ್ ಇಂದಿಗೂ ಒಳ್ಳೆಯ ಪಾಠ: ಡಾಕ್ಸೊರುಬಿಸಿನ್ ಎಂಬ ಕ್ಯಾನ್ಸರ್ ಔಷಧವನ್ನು ಲಿಪೊಸೋಮ್ ಎಂಬ ಕೊಬ್ಬಿನ ಪುಟ್ಟ ಗುಳ್ಳೆಯೊಳಗೆ ತುಂಬಿದ್ದು. ಅಂಥ ಲಿಪೊಸೋಮ್ ಮಾಡಲು ಲಿಪಿಡ್‌ಗಳನ್ನು 250 ಮಿಲಿಮೋಲಾರ್ ಅಮೋನಿಯಂ ಸಲ್ಫೇಟ್‌ನಲ್ಲಿ ಕದಡಿ, 60–65 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೂಕ್ಷ್ಮ ರಂಧ್ರದ ಪೊರೆಯ ಮೂಲಕ ಮತ್ತೆ ಮತ್ತೆ ತಳ್ಳಿ, ಗಾತ್ರವನ್ನು 100 ನ್ಯಾನೋಮೀಟರ್ ಆಸುಪಾಸಿಗೆ ತರಬೇಕು. ಬಿಸಿ ಕಮ್ಮಿಯಾದರೆ ಲಿಪಿಡ್ ಗಟ್ಟಿಯಾಗಿ ಪೊರೆಯ ರಂಧ್ರಗಳು ಮುಚ್ಚಿಹೋಗುತ್ತವೆ. ಆಮೇಲೆ ಹೊರಗಿನ ಸಲ್ಫೇಟನ್ನು ಡಯಾಲಿಸಿಸ್‌ನಿಂದ ತೆಗೆದು, ಡಾಕ್ಸೊರುಬಿಸಿನ್ ಬೆರೆಸಿ ಬಿಸಿ ಮಾಡಿದರೆ ಔಷಧದ 90%ಕ್ಕೂ ಹೆಚ್ಚು ತಾನಾಗಿ ಒಳಗೆ ಹೋಗಿ ಹರಳುಗಟ್ಟುತ್ತದೆ. ಹೊರಗೆ ಸಲ್ಫೇಟ್ ಉಳಿದಿದ್ದರೆ ಒಳಗೂ ಹೊರಗೂ ವ್ಯತ್ಯಾಸವಿಲ್ಲ, ಔಷಧ ಹೊರಗೇ ನಿಲ್ಲುತ್ತದೆ. ಲ್ಯಾಬ್‌ಗಳಲ್ಲಿ "ಲೋಡಿಂಗ್ ಆಗ್ತಿಲ್ಲ" ಎಂಬ ಗೋಳು ಎದ್ದಾಗ ಮೊದಲು ನೋಡಬೇಕಾದದ್ದು ಇದನ್ನೇ.

ಇಷ್ಟಾದರೂ ಕಣ ಗೆಡ್ಡೆಯ ಬಾಗಿಲಿಗೆ ಬಂತು ಅಂತಷ್ಟೇ ಅರ್ಥ. ಗೆಡ್ಡೆಯ ರಕ್ತನಾಳಗಳು ಸೋರುತ್ತವೆ, ನಿಜ. ಜಪಾನಿನ ಮತ್ಸುಮುರ ಮತ್ತು ಮಾಯೆದಾ 1986ರಲ್ಲೇ ಹೇಳಿದ್ದರು. ಆದರೆ ಸೋರಿದ ದ್ರವವನ್ನು ಹೊರಗೊಯ್ಯುವ ದುಗ್ಧನಾಳಗಳು ಅಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ, ಒಳಗೆ ಒತ್ತಡ ಏರುತ್ತದೆ. ತುಂಬಿ ನಿಂತ ಗದ್ದೆಗೆ ಇನ್ನೊಂದು ಕಾಲುವೆ ತಿರುಗಿಸಿದ ಹಾಗೆ. ಮೇಲೆ ಕೋಶಗಳ ನಡುವೆ ಹೆಣೆದುಕೊಂಡ ಕೊಲಾಜೆನ್ ನಾರಿನ ಬಲೆ ಬೇರೆ. ಕಣಗಳು ನಾಳದ ಪಕ್ಕದಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆ, ಒಳಹೊಕ್ಕವನ್ನು ಗೆಡ್ಡೆಯಲ್ಲೇ ಬೀಡುಬಿಟ್ಟ ಮ್ಯಾಕ್ರೊಫೇಜ್ ಎಂಬ ರಕ್ಷಕ ಕೋಶಗಳು ನುಂಗುತ್ತವೆ.

ಹಾಗಾದರೆ ಬಲೆಯನ್ನೇ ಕರಗಿಸಿದರೆ? ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ನಲ್ಲಿ, ಕೊಲಾಜೆನ್ ಜೊತೆಗೆ ಬಲೆಯಲ್ಲಿ ತುಂಬಿಕೊಂಡಿರುವ ಹಯಲುರೊನಿಕ್ ಆಮ್ಲ ಕರಗಿಸುವ ಕಿಣ್ವದೊಂದಿಗೆ ಇದನ್ನೂ ನೋಡಿದ್ದಾಯಿತು; ಮೂರನೇ ಹಂತದ ಪರೀಕ್ಷೆಯಲ್ಲಿ ಆಯುಸ್ಸು ಹೆಚ್ಚಲಿಲ್ಲ. ಕಣಕ್ಕೆ ಪ್ರತಿಕಾಯ ಅಂಟಿಸುವ ಹಾದಿಯದೂ ಇದೇ ಕಥೆ: ಕೆಲವು ಸ್ತನ ಕ್ಯಾನ್ಸರ್ ಕೋಶಗಳ ಮೇಲಿರುವ ಹರ್‌2 ಪ್ರೋಟೀನ್‌ಗೆ ಅಂಟುವ ಪ್ರತಿಕಾಯ ಹೊತ್ತ ಲಿಪೊಸೋಮಲ್ ಡಾಕ್ಸೊರುಬಿಸಿನ್‌ನ ಸ್ತನ ಕ್ಯಾನ್ಸರ್ ಪರೀಕ್ಷೆಯನ್ನು, ಲಾಭ ಕಾಣದೆ, 2016ರಲ್ಲಿ ನಿಲ್ಲಿಸಿದರು. ಪ್ರತಿಕಾಯ ಕೆಲಸ ಮಾಡುವುದು ಕೋಶದ ಪಕ್ಕಕ್ಕೆ ಬಂದ ಮೇಲೆ; ಕರೆತರುವುದು ಅದರ ಕೈಯಲ್ಲಿಲ್ಲ. ಅದೂ ರಕ್ತದ ಪ್ರೋಟೀನ್‌ಗಳು ಮೆತ್ತಿಕೊಂಡು ಅದನ್ನು ಮುಚ್ಚದಿದ್ದರೆ.

ಇನ್ನು ಪ್ರಯೋಗದ ಇಲಿಗಳ ವಿಷಯ. 20 ಗ್ರಾಂ ಇಲಿಯಲ್ಲಿ 1 ಗ್ರಾಂ ಗೆಡ್ಡೆ ಅಂದರೆ ಮೈತೂಕದ 5%. 60 ಕಿಲೋ ಮನುಷ್ಯನಿಗೆ ಅದು 3 ಕಿಲೋ. ವಾರಗಳಲ್ಲೇ ಬೆಳೆದ ಇಲಿಯ ಗೆಡ್ಡೆಯ ನಾಳಗಳು ಸೋರದೆ ಇನ್ನೇನು?

ಇದರಿಂದ ನ್ಯಾನೋ ಔಷಧ ದಂಡ ಅಂತಲ್ಲ. ಡಾಕ್ಸಿಲ್‌ನ ದೊಡ್ಡ ಗಳಿಕೆ ಹೃದಯಕ್ಕೆ ಆಗುವ ಹಾನಿ ತಗ್ಗಿದ್ದು; ಅದರ ಬದಲಿಗೆ ಅಂಗೈ ಅಂಗಾಲು ಕೆಂಪಾಗಿ ಸಿಪ್ಪೆ ಏಳುವ ತೊಂದರೆ ಬಂತು. ನನ್ನ ಮಟ್ಟಿಗೆ ಇದು ಒಳ್ಳೆಯ ವ್ಯಾಪಾರವೇ. ಹೊಸ ಕಣದ ಬಗ್ಗೆ ಓದುವಾಗ ಗೆಡ್ಡೆ ಹೊಳೆಯುವ ಇಲಿಯ ಚಿತ್ರ ಬಿಟ್ಟು ಲಿವರ್‌ನಲ್ಲಿ ಎಷ್ಟು ಶೇಕಡಾ ಕೂತಿದೆ ಎಂಬ ಕೋಷ್ಟಕ ಹುಡುಕಿ. ಅದು ಇಲ್ಲದಿದ್ದರೆ ನಾನಂತೂ ಮುಂದೆ ಓದುವುದಿಲ್ಲ.