ಕಾಯಿಲೆ ಏನೆಂದು ಕೂಗಿ ಕೇಳಬೇಡಿ
ಕ್ಲಿನಿಕ್ ಕೌಂಟರುಗಳಲ್ಲಿ ರೋಗಿಗಳು ಪಡುವ ಪಾಡಿನ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬರೆದದ್ದು ಒಳ್ಳೆಯದಾಯಿತು. ಶಿವಮೊಗ್ಗದ ಕೆಲವು ಕಡೆ ಬೆಳಿಗ್ಗೆ ಫೋನ್ ಮಾಡಿದವರಿಗಷ್ಟೇ ಟೋಕನ್. ಹೊಸನಗರ ತಾಲೂಕಿನ ನಿಟ್ಟೂರು, ನಗರ ಎಂಬ ಊರುಗಳ ಕಡೆ ಮಳೆಗಾಲದಲ್ಲಿ ಕರೆಂಟ್ ಹೋದರೆ ಟವರೂ ಹೋಗುತ್ತದೆ, ಅಲ್ಲಿಯವರು ಫೋನ್ ಮಾಡುವುದು ಎಲ್ಲಿಂದ? ಮೊದಲ ಬಸ್ಸಿಗೇ ಬಂದರೂ "ನಂಬರ್ ಮುಗೀತು, ನಾಳೆ ಬನ್ನಿ" ಅಂತಾರೆ, ತಲೆ ಎತ್ತದೆ.

ಅದಕ್ಕಿಂತ ನೋವಾಗುವುದು ಕಾಯಿಲೆಯನ್ನು ಎಲ್ಲರೆದುರು ಕೇಳುವುದು. ನಮ್ಮ ಅತ್ತಿಗೆಯನ್ನು "ಏನಮ್ಮಾ, ಮುಟ್ಟಿನ ತೊಂದರೆನಾ, ಬಿಳಿ ಹೋಗೋದಾ?" ಅಂತ ಕಿಟಕಿಯಿಂದಲೇ ಜೋರಾಗಿ ಕೇಳಿದರು. ಬೆಂಚಿನ ತುಂಬ ಗಂಡಸರು, ಅದರಲ್ಲಿ ನಮ್ಮೂರಿನವರೂ ಇದ್ದರು. ಅತ್ತಿಗೆ ಸೆರಗು ಬಾಯಿಗೊತ್ತಿಕೊಂಡು "ಜ್ವರ" ಅಂದುಬಿಟ್ಟರು. ಚೀಟಿಯಲ್ಲೂ ಜ್ವರ ಅಂತಲೇ ಬರೆದರು. ಒಳಗೆ ಹೋದ ಮೇಲೂ ಅವರಿಗೆ ಬಾಯಿ ಬರಲಿಲ್ಲ. ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ತಂದಾಗ ರೋಗಿಗಳ ಹಕ್ಕುಗಳ ಸನ್ನದನ್ನೂ ಸೇರಿಸಿದ್ದಾರೆ. ಅದು ಈ ಕಿಟಕಿಯವರೆಗೂ ಬರಬೇಕಲ್ಲವೇ?

ಕೌಂಟರಿನ ಹುಡುಗಿಯರ ಕಷ್ಟವೂ ಕಾಣುತ್ತದೆ. ಫೋನ್, ಬಿಲ್, ಲ್ಯಾಬ್ ರಿಪೋರ್ಟ್, ಔಷಧ ಕಂಪನಿಗಳ ರೆಪ್‌ಗಳು, ಎಲ್ಲ ಒಬ್ಬಳ ತಲೆ ಮೇಲೆ. ಹಾಗಾಗಿ ನಾನು ಕೇಳುವುದು ಡಾಕ್ಟರನ್ನೇ: ದೂರದ ಹಳ್ಳಿಯವರಿಗೆ ಒಂದಷ್ಟು ಟೋಕನ್ ಎತ್ತಿಡಿ, ಕಾಯಿಲೆ ವಿಚಾರಿಸುವ ಕೆಲಸ ಒಳಗಿರುವ ನರ್ಸಿಗೆ ಬಿಡಿ.